ಹೆಲ್ಮೆಟ್ ಮೇಲೆ ಬಾಲ್ ಬಿದ್ಮೇಲೂ ಆಡ್ಸಿದ್ದಾರೆ, ಮಗನ್ನ ಲೆದರ್ ಬಾಲ್ ಕ್ರಿಕೆಟ್ ಬಿಡಿಸ್ಬೇಕಾ?

ತೋಟದಮನೆ, ಶಿರಸಿ

ಎಲ್ರಿಗೂ ನಮಸ್ಕಾರ. ಕ್ರಿಕೆಟ್ ನೋಡಿ ಗೊತ್ತು, ಆಡಿ ಗೊತ್ತಿಲ್ಲ, ಹಂಗಾಗಿ ಎಲ್ಲಾದ್ರೂ ತಪ್ಪು ಬರ್ದಿದ್ರೆ ತಿದ್ದಿ. ನನ್ನ ಮಗನಿಗೆ 14 ವರ್ಷ. ಇಷ್ಟು ದಿನ ಗದ್ದೆ ಕೊಯ್ಲಾದ್ಮೇಲೆ ಊರ ಹುಡುಗ್ರ ಜೊತೆ ಟೆನಿಸ್ ಬಾಲಲ್ಲಿ ಆಡ್ಕೊಂಡಿದ್ದ, ಈ ವರ್ಷ ಹಟ ಮಾಡಿ ಲೆದರ್ ಬಾಲ್ ಕೋಚಿಂಗ್ ಸೇರ್ಕೊಂಡ. ಅವ್ನಿಗೆ ಬ್ಯಾಟಿಂಗ್‌ಗಿಂತ ಫಾಸ್ಟ್ ಬೌಲಿಂಗ್ ಹುಚ್ಚು ಜಾಸ್ತಿ, ಅಂಗಳದಲ್ಲಿ ಅಡಿಕೆ ಹರವೋ ಜಾಗ ಪೂರ್ತಿ ಅವನ ರನ್ನಪ್ಪು.

ಹೋದ ಶನಿವಾರ ನೆಟ್ಸಲ್ಲಿ ಬ್ಯಾಟಿಂಗ್ ಮಾಡ್ತಿದ್ದಾಗ ಒಬ್ಬ ದೊಡ್ಡ ಹುಡುಗ ಆ ಉದ್ದ ಸೌಟಿನ ಹಂಗಿರೋ ಪ್ಲಾಸ್ಟಿಕ್ ಕೋಲು, ಸೈಡ್‌ಆರ್ಮ್ ಅಂತಾರಲ್ಲ, ಅದ್ರಿಂದ ಬಾಲ್ ಎಸೀತಿದ್ನಂತೆ. ಹಿಂದಿನ ರಾತ್ರಿ ಮಳೆ ಬಂದು ಮ್ಯಾಟು ಇನ್ನೂ ಹಸಿ ಇತ್ತಂತೆ. ಬಾಲ್ ಎಡಗಿವಿ ಮೇಲ್ಗಡೆ ಹೆಲ್ಮೆಟ್ಟಿಗೆ ಬಡೀತು. ಮಗ ಆಮೇಲೆ ಹೇಳಿದ್ದು, "ಮ್ಯಾಟ್ ಮೇಲೆ ಬೀಳೋತನಕ ಕಾಣ್ತು ಆಯಿ, ಆಮೇಲೆ ಕಾಣ್ಲೇ ಇಲ್ಲ" ಅಂತ. ಕೆಳಗೆ ಕೂತ, ನೀರು ಕೊಟ್ರು, "ಹೆಲ್ಮೆಟ್ ಇತ್ತಲ್ಲ ಏನಾಗಲ್ಲ, ಏಳು" ಅಂದ್ರು, ಇವ್ನೂ ಎದ್ದು ಇನ್ನೂ ಹತ್ತು ನಿಮಿಷ ಬ್ಯಾಟ್ ಮಾಡಿ ನಾಲ್ಕು ಓವರ್ ಬೌಲಿಂಗೂ ಹಾಕಿ ಸೈಕಲ್ ಹೊಡ್ಕೊಂಡೇ ಮನೆಗೆ ಬಂದಿದ್ದಾನೆ. ನಮಗೆ ಒಂದು ಮಾತು ಹೇಳಿಲ್ಲ. ಹೇಳಿದ್ರೆ ಕಳ್ಸೋದಿಲ್ಲ ಅಂತ ಹೆದ್ರಿಕೆ.

ರಾತ್ರಿ ಊಟ ಬೇಡ ಅಂದ, ಸುಸ್ತು ಅಂತ ಮಲಗ್ದ. ಭಾನುವಾರ ಬೆಳಿಗ್ಗೆ ಎದ್ದವ ಟ್ಯೂಬ್‌ಲೈಟ್ ಆರ್ಸು ಕಣ್ಣು ಕುಕ್ತದೆ ಅಂದ, ದೋಸೆ ತಿಂದಿದ್ದೆಲ್ಲ ವಾಂತಿ ಆಯ್ತು, ಅವನ ಫ್ರೆಂಡ್ ಫೋನ್ ಮಾಡಿ "ಈಗ ಹೆಂಗಿದ್ದ" ಅಂತ ಕೇಳ್ದಾಗ್ಲೇ ನಮಗೆ ವಿಷಯ ಗೊತ್ತಾಗಿದ್ದು. ಕಾರಲ್ಲಿ ಹುಬ್ಬಳ್ಳಿಗೆ ಕರ್ಕೊಂಡು ಹೋದ್ವಿ, ನೂರು ಕಿಲೋಮೀಟರ್ ಹತ್ರ, ಮುಂಡಗೋಡ ದಾಟೋತನಕ ನಾನು ಅವನನ್ನ ಮಲಗೋಕೆ ಬಿಡ್ಲಿಲ್ಲ, ಮಗ್ಗಿ ಹೇಳಿಸ್ತಾ ಕೂತಿದ್ದೆ. ಸಿಟಿ ಸ್ಕ್ಯಾನಲ್ಲಿ ಏನೂ ಇಲ್ಲ, ಕನ್‌ಕಶನ್ ಆಗಿದೆ, ಅಂದ್ರೆ ಪೆಟ್ಟಿಗೆ ಮಿದುಳು ಅಲುಗಿದೆ, ರೆಸ್ಟ್ ಮಾಡ್ಲಿ ಅಂದ್ರು.

ಈಗ ಇವ್ರು ಕ್ರಿಕೆಟ್ಟೇ ಬೇಡ ಅಂತಿದ್ದಾರೆ. ಮಗ ಊಟ ಬಿಟ್ಟು ಅಳ್ತಾ ಕೂತಿದ್ದಾನೆ. ಕೋಚಿಂಗಿನವ್ರ ಹೆಸ್ರು ಹೇಳೋದಿಲ್ಲ, ಅವ್ರು ಕೆಟ್ಟವ್ರಲ್ಲ. ಆದ್ರೆ ಹೆಲ್ಮೆಟ್ ಇದ್ದೂ ಹೆಂಗೆ ಹಿಂಗಾಯ್ತು? ಸ್ಕ್ಯಾನಲ್ಲಿ ಏನೂ ಕಾಣ್ಲಿಲ್ಲ ಅಂದ್ಮೇಲೆ ಯಾವಾಗ ಆಡಿಸ್ಬಹುದು? ಬಿಡ್ಸೋದೇ ಸರಿಯಾ? ಆಡಿ ಗೊತ್ತಿರೋರು ಹೇಳಿ.

ಕುಮಟಾ ಕೀಪರ್

ಮೊದ್ಲು ಮಗ ಆರಾಮಿದ್ದಾನಲ್ಲ, ಅದು ದೊಡ್ಡದು. ನಾನು ಇಪ್ಪತ್ತು ವರ್ಷ ಕೀಪಿಂಗ್ ಮಾಡಿ ಈಗ ಲೋಕಲ್ ಮ್ಯಾಚಿಗೆ ಅಂಪೈರಿಂಗ್ ಮಾಡೋನು. ನೀವು ಬರ್ದಿದ್ರಲ್ಲಿ ಬೌಲರ್ ತಪ್ಪೂ ಇಲ್ಲ ನಿಮ್ಮ ಮಗನ ತಪ್ಪೂ ಇಲ್ಲ, ತಪ್ಪಿರೋದು ಆ ಹತ್ತು ನಿಮಿಷ ಬ್ಯಾಟಿಂಗು ಮತ್ತೆ ನಾಲ್ಕು ಓವರಲ್ಲಿ. ತಲೆಗೆ ಬಾಲ್ ಬಿದ್ರೆ ಆವತ್ತಿಗೆ ಆ ಹುಡುಗನ ಆಟ ಮುಗೀತು, ಇದೊಂದು ಗೊತ್ತಿದ್ರೆ ಅರ್ಧ ಅನಾಹುತ ತಪ್ತದೆ.

ಹೆಲ್ಮೆಟ್ ಬುರುಡೆ ಒಡೀದಂಗೆ ಕಾಯ್ತದೆ ಮಾರಾಯ್ರೆ, ಮಿದುಳು ಅಲುಗದಂಗೆ ಕಾಯೋದಿಲ್ಲ. ತೆಂಗಿನಕಾಯಿ ಕಿವಿ ಹತ್ರ ಇಟ್ಟು ಅಲ್ಲಾಡ್ಸಿದ್ರೆ ಒಳಗೆ ನೀರು ಕುಲುಕೋದು ಕೇಳ್ತದಲ್ಲ, ಚಿಪ್ಪು ಗಟ್ಟಿ ಇದ್ರೂ ಒಳಗಿಂದು ಕುಲುಕೇ ಕುಲುಕ್ತದೆ.

ಇನ್ನು ಆ ಸೈಡ್‌ಆರ್ಮ್. ನಮ್ಮ ಕುಮಟಾದ ರಾಘವೇಂದ್ರ, ಎಲ್ಲರೂ ರಘು ಅಂತಾರೆ, ಇಂಡಿಯಾ ಟೀಮಿಗೆ ಅದೇ ಕೋಲಿಂದ ಪ್ರಾಕ್ಟೀಸ್ ಬಾಲ್ (ಥ್ರೋಡೌನ್) ಹಾಕೋರು, ಗಂಟೆಗೆ 150 ಕಿಲೋಮೀಟರ್ ಸ್ಪೀಡಲ್ಲಿ ಹಾಕ್ತಾರೆ, ಫಾಸ್ಟ್ ಬೌಲಿಂಗ್ ಆಡೋದ್ರಲ್ಲಿ ಟೀಮು ಸುಧಾರಿಸಿದ್ದು ಅವ್ರಿಂದ ಅಂತ ಕೊಹ್ಲೀನೇ ಹೇಳಿದ್ರು. ನಮ್ಮೂರಿಗೆ ಹೆಮ್ಮೆ, ಆದ್ರೆ ಆ ಹೆಮ್ಮೇಲಿ ಈಗ ಜಿಲ್ಲೇಲಿ ಎಲ್ಲಾ ನೆಟ್ಸಿಗೂ ಆ ಕೋಲು ಬಂದು ಕೂತಿದೆ. ರಘು ಎದ್ರು ನಿಲ್ಲೋದು ಕೊಹ್ಲಿ, ಇಲ್ಲಿ ನಿಲ್ಲೋದು ಎಂಟನೇ ಕ್ಲಾಸಿನ ಹುಡುಗ. ಅದೂ 22 ಗಜದಿಂದ ಎಸೆಯೋದಿಲ್ಲ, 16 ಗಜಕ್ಕೆ ಬಂದು ನಿಂತ್ಕೊಳ್ತಾರೆ. ಲೆಕ್ಕ ಹಾಕಿ ನೋಡಿ, 16 ಗಜದಿಂದ 110 ಸ್ಪೀಡಲ್ಲಿ ಎಸೆದ್ರೆ ಬಾಲ್ ಬ್ಯಾಟಿನ ಹತ್ರ ಬರೋಕೆ ಅರ್ಧ ಸೆಕೆಂಡೂ ಇಲ್ಲ, ಅಂದ್ರೆ 130ರ ಮೇಲೆ ಹಾಕೋ ಬೌಲರ್ ಎದ್ರು ನಿಂತ ಹಂಗೆ. ಮೇಲಿಂದ ಎಸೆಯೋನಿಗೆ ರನ್ನಪ್ಪಿಲ್ಲ, ಜಂಪಿಲ್ಲ, ಬಾಲ್ ಹೊರಡೋ ಮುಂಚೆ ಬ್ಯಾಟ್ಸ್‌ಮನ್ನಿಗೆ ಸುಳಿವು ಕೊಡೋದು ಏನೂ ಇಲ್ಲ. ಬುಗುರಿ ತಿರುಗಿಸ್ದಂಗೆ ಮಣಿಕಟ್ಟು ತಿರುಗ್ತು ಅಂದ್ರೆ ಬಾಲ್ ಬಂದಾಯ್ತು.

ಮ್ಯಾಟ್ ಬಗ್ಗೆಯೂ ಹೇಳ್ಬೇಕು. ನಮ್ಮ ಕಡೆ ನೆಲ ಚಿರೆಕಲ್ಲಿಂದು, ಪ್ರತಿ ಮಳೆಗಾಲ ಸಣ್ಣ ಸಣ್ಣ ಕಲ್ಲು ಮೇಲೆದ್ದು ಬರ್ತವೆ. ಮ್ಯಾಟ್ ಹಾಸೋ ಮುಂಚೆ ಗುಡ್ಸಿ, ಮೊಣಕಾಲೂರಿ ಕೈಯಾಡಿಸಿ ನೋಡ್ಬೇಕು, ಆಮೇಲೆ ನಾಲ್ಕೂ ಕಡೆ ಎಳ್ದು ಮೊಳೆ ಹೊಡೀಬೇಕು. ಒಂದು ಹುಣಸೆಬೀಜದಷ್ಟು ಕಲ್ಲು ಅಡೀಲಿದ್ರೆ, ಇಲ್ಲಾ ಮ್ಯಾಟು ಸಡಿಲ ಆಗಿ ಮಡಿಕೆ ಬಿದ್ದಿದ್ರೆ, ಸೊಂಟಕ್ಕೆ ಬರ್ಬೇಕಾದ ಬಾಲ್ ಮುಖಕ್ಕೆ ಬರ್ತದೆ. ಹಸಿ ಮ್ಯಾಟಲ್ಲಿ ಬಾಲ್ ಜಾರಿ ಇನ್ನೂ ಬೇಗ ಬರ್ತದೆ. "ಮ್ಯಾಟ್ ಮೇಲೆ ಬೀಳೋತನಕ ಕಾಣ್ತು" ಅಂದ್ನಲ್ಲ ನಿಮ್ಮ ಮಗ, ಸರಿಯಾಗೇ ಹೇಳಿದ್ದಾನೆ.

ಆ ಹೆಲ್ಮೆಟ್ ಯಾರದ್ದು ಕೇಳಿ. ಕಿಟ್ ಬ್ಯಾಗಿಂದು ಅಂದ್ರೆ ಹತ್ತು ತಲೆ ಕಂಡಿರ್ತದೆ, ಒಳಗಿನ ಸ್ಪಂಜು ಚಪಾತಿ ಆಗಿರ್ತದೆ. ಹುಡುಗ್ರು ಬಾಲ್ ಚೆನ್ನಾಗಿ ಕಾಣ್ಲಿ ಅಂತ ಸ್ಕ್ರೂ ಸಡಿಲ ಮಾಡಿ ಗ್ರಿಲ್ ಕೆಳಗೆ ಇಳಿಸ್ಕೊಳ್ತಾರೆ, ಪೀಕಿಗೂ (ಹಣೆ ಮೇಲಿನ ಅಂಚು) ಗ್ರಿಲ್ಲಿಗೂ ನಡುವೆ ಸಂದು ದೊಡ್ಡದಾಗ್ತದೆ, ಬಾಲ್ ಸೀದಾ ಒಳಗೆ ಬಂದು ಕಣ್ಣಿಗೇ ಹೊಡೀತದೆ. ನಾನು ಟಾಸಿಗಿಂತ ಮುಂಚೆ ಆ ಸಂದಿಗೆ ಬಾಲ್ ಹಿಡಿದು ಒತ್ತಿ ನೋಡ್ತೇನೆ, ತೂರಿದ್ರೆ ಆಡ್ಸೋದಿಲ್ಲ. ಜೂನಿಯರ್ ಬಾಲ್ ಇನ್ನೂ ಸಣ್ಣದು, ಅದಕ್ಕೇ ಬ್ರಿಟಿಷ್ ಸ್ಟ್ಯಾಂಡರ್ಡ್ 2013ರಲ್ಲಿ ಬದಲಾದಾಗ ಎರಡೂ ಸೈಜಿನ ಬಾಲಲ್ಲಿ ಟೆಸ್ಟ್ ಮಾಡ್ಬೇಕು ಅಂತ ಬಂತು. ಕೊಳ್ಳುವಾಗ ಒಳಗಿನ ಸ್ಟಿಕರಲ್ಲಿ ಬಿಎಸ್ 7928:2013 ಅಂತ ಇದ್ಯಾ ನೋಡಿ. ಮೊನ್ನೆ ಪೆಟ್ಟು ತಿಂದ ಹೆಲ್ಮೆಟ್ ಮಾತ್ರ ಹೊರಗೆ ಚೆಂದ ಕಂಡ್ರೂ ಬೇಡ, ಒಂದು ದೊಡ್ಡ ಪೆಟ್ಟಿಗೆ ಅದರ ಕೆಲಸ ಮುಗೀತು.

ಬಲಗೈ ಬ್ಯಾಟ್ಸ್‌ಮನ್, ಹೊನ್ನಾವರ

ಮೇಡಂ, ಬೇಜಾರಾಗ್ಬೇಡಿ, ನನಗನ್ಸಿದ್ದು ಹೇಳ್ತೇನೆ. ನಾವೆಲ್ಲ ಶರಾವತಿ ದಂಡೆ ಮೇಲೆ ಹೆಲ್ಮೆಟ್ಟೇ ಇಲ್ದೆ ಕಾರ್ಕ್ ಬಾಲಲ್ಲಿ ಆಡಿದೋರು, ಏನೂ ಆಗ್ಲಿಲ್ಲ. ಪೆಟ್ಟು ತಿನ್ನದೆ ಯಾರೂ ಬ್ಯಾಟ್ಸ್‌ಮನ್ ಆಗಿಲ್ಲ. ನಮ್ಮ ಕುಂಬ್ಳೆ 2002ರಲ್ಲಿ ಆಂಟಿಗಾದಲ್ಲಿ ದವಡೆ ಮುರಿದ್ರೂ ಬ್ಯಾಂಡೇಜ್ ಕಟ್ಕೊಂಡು ಬಂದು 14 ಓವರ್ ಹಾಕಿ ಲಾರಾನ ಔಟ್ ಮಾಡಿದ್ರು. ಆ ಫೋಟೋ ನೋಡಿ ಬೆಳೆದೋರು ನಾವು. ಹುಡುಗನಿಗೆ ಈಗ ಭಯ ತುಂಬಿದ್ರೆ ಜೀವನಪೂರ್ತಿ ಶಾರ್ಟ್ ಬಾಲಿಗೆ, ಅಂದ್ರೆ ದೂರದಲ್ಲೇ ಬಿದ್ದು ಎದೆ ತಲೆ ಎತ್ತರಕ್ಕೆ ಏಳೋ ಬಾಲಿಗೆ, ಹೆದರ್ತಾನೆ, ಬೇಗ ವಾಪಸ್ ನೆಟ್ಸಿಗೆ ಕಳ್ಸಿ.

ಕಾಳಿಸಂಗಮ, ಕಾರವಾರ

ಮೇಲಿನವರಿಗೆ ಕೈ ಮುಗಿದು ಹೇಳ್ತೇನೆ, ಈ ಸಲಹೆ ದಯವಿಟ್ಟು ಕೊಡಬೇಡಿ. ನಾನು ಫಿಸಿಯೋ, ಮಾಲಾದೇವಿ ಮೈದಾನದಲ್ಲಿ ಟೂರ್ನಮೆಂಟ್ ನಡೆದಾಗ ಬೌಂಡರಿ ಪಕ್ಕ ಐಸ್ ಬಾಕ್ಸ್ ಇಟ್ಕೊಂಡು ಕೂರ್ತೇನೆ. ಕುಂಬ್ಳೆದು ಮುರಿದಿದ್ದು ದವಡೆ, ಮೂಳೆ, ಎಲ್ಲಿ ಮುರಿದಿದೆ ಅಂತ ಗೊತ್ತಿತ್ತು, ಆಮೇಲೆ ಆಪರೇಷನ್ನಿಗೆ ಊರಿಗೆ ಬಂದ್ರು. ಆ ಧೈರ್ಯಕ್ಕೆ ನಾನೂ ತಲೆ ಬಾಗ್ತೇನೆ. ಮಿದುಳಿನ ಪೆಟ್ಟು ಬೇರೆ. ಕನ್‌ಕಶನ್ ಸ್ಕ್ಯಾನಲ್ಲಿ ಕಾಣೋದಿಲ್ಲ, ರಕ್ತ ಸೋರಿದ್ಯಾ ಬುರುಡೆ ಬಿರುಕು ಬಿಟ್ಟಿದ್ಯಾ ಅಂತ ನೋಡೋಕೆ ಸಿಟಿ ಮಾಡೋದು, ಕನ್‌ಕಶನ್ ಇಲ್ಲ ಅಂತ ಹೇಳೋಕಲ್ಲ. ಹೆಲ್ಮೆಟ್ ಇಲ್ದೆ ಆಡಿ ಏನೂ ಆಗದೆ ಉಳಿದೋರು ಮಾತ್ರ ಇವತ್ತು ಹಿಂಗೆ ಬರೀಬಲ್ಲರು. 1962ರಲ್ಲಿ ಬಾರ್ಬಡೋಸಲ್ಲಿ ನಮ್ಮ ಕ್ಯಾಪ್ಟನ್ ನಾರಿ ಕಾಂಟ್ರಾಕ್ಟರ್‌ಗೆ ಚಾರ್ಲಿ ಗ್ರಿಫಿತ್ ಬಾಲ್ ತಲೆಗೆ ಬಿದ್ದು ಬುರುಡೆ ಒಡೀತು, ವೆಸ್ಟ್ ಇಂಡೀಸ್ ಕ್ಯಾಪ್ಟನ್ ಫ್ರಾಂಕ್ ವೊರೆಲ್ಲೇ ರಕ್ತ ಕೊಟ್ರು, ಜೀವ ಉಳೀತು, ಆದ್ರೆ ಮತ್ತೆ ಟೆಸ್ಟ್ ಆಡ್ಲಿಲ್ಲ.

ತೋಟದಮನೆಯವ್ರೆ, ನಿಮ್ಮ ಮಗನಿಗೆ ಆದಂಗೆ ಮರುದಿನ ಲಕ್ಷಣ ಕಾಣಿಸ್ಕೊಳ್ಳೋದು ಅಪರೂಪ ಏನಲ್ಲ. 2019ರಲ್ಲಿ ಲಾರ್ಡ್ಸಲ್ಲಿ ಇಂಗ್ಲೆಂಡಿನ ಆರ್ಚರ್ ಹಾಕಿದ ಬೌನ್ಸರ್ (ತಲೆ ಎತ್ತರಕ್ಕೆ ಏಳೋ ಶಾರ್ಟ್ ಬಾಲ್) ಆಸ್ಟ್ರೇಲಿಯಾದ ಸ್ಟೀವ್ ಸ್ಮಿತ್ ಕತ್ತಿಗೆ ಬಿತ್ತಲ್ಲ, ಆವತ್ತು ಚೆಕ್ ಮಾಡಿದ್ರು, ಪಾಸಾದ್ರು, ಮತ್ತೆ ಬಂದು 92ರ ತನಕ ಆಡಿದ್ರು. ಬೆಳಿಗ್ಗೆ ಎದ್ದಾಗ ತಲೆ ಸರಿ ಇರ್ಲಿಲ್ಲ, ಲಾಬುಶೇನ್ ಬದ್ಲಿ ಆಟಗಾರನಾಗಿ ಬಂದ್ರು. ಅಷ್ಟು ಡಾಕ್ಟರ್‌ಗಳಿರೋ ಕಡೇಲೇ ಹಂಗಾಗ್ತದೆ ಅಂದ್ರೆ, ನೀರು ಕುಡಿಸಿ "ಏಳು" ಅನ್ನೋ ನಮ್ಮ ಮೈದಾನದಲ್ಲಿ ಎಂತ ಗೊತ್ತಾಗ್ತದೆ?

ಮೊದಲ ಒಂದೆರಡು ದಿನ ಮೊಬೈಲು, ಟಿವಿ, ಓಡಾಟ ಎಲ್ಲಾ ಕಮ್ಮಿ. ಆಮೇಲೆ ಮನೆಯೊಳಗೆ ಸಣ್ಣಪುಟ್ಟ ನಡಿಗೆ. ಮೊದಲು ಶಾಲೆ, ತಲೆನೋವಿಲ್ದೆ ಇಡೀ ದಿನ ಕ್ಲಾಸಲ್ಲಿ ಕೂರೋಕಾದ್ಮೇಲೆ ಆಟ. ಆಟದಲ್ಲೂ ಮೊದ್ಲು ಬರೇ ಓಟ, ಆಮೇಲೆ ಕ್ಯಾಚಿಂಗು, ಆಮೇಲೆ ಮೆತ್ತಗಿನ ಬಾಲಲ್ಲಿ ಬ್ಯಾಟಿಂಗು, ಒಂದೊಂದಕ್ಕೂ ಕನಿಷ್ಠ ಒಂದು ದಿನ, ಯಾವ ಹಂತದಲ್ಲಾದ್ರೂ ತಲೆನೋವು ಶುರುವಾದ್ರೆ ಒಂದು ಹೆಜ್ಜೆ ಹಿಂದೆ. ಲೆದರ್ ಬಾಲ್ ಎದ್ರು ನಿಲ್ಲೋದು ಡಾಕ್ಟರ್ ನೋಡಿ ಸೈ ಅಂದ್ಮೇಲೇ. ಮಕ್ಕಳ ಮಿದುಳು ಸುಧಾರಿಸ್ಕೊಳ್ಳೋಕೆ ದೊಡ್ಡವ್ರಿಗಿಂತ ಜಾಸ್ತಿ ದಿನ ಹಿಡೀತದೆ, ಒಂದು ಪೆಟ್ಟು ಮಾಸೋ ಮುಂಚೆ ಇನ್ನೊಂದು ಬಿದ್ರೆ ಜೀವಕ್ಕೇ ಅಪಾಯ. ಆಸ್ಟ್ರೇಲಿಯಾದ ವಿಲ್ ಪುಕೊವ್ಸ್ಕಿ ಅಂತ ಒಳ್ಳೆ ಬ್ಯಾಟ್ಸ್‌ಮನ್ ಮೇಲಿಂದ ಮೇಲೆ ಕನ್‌ಕಶನ್ ಆಗಿ 27ಕ್ಕೇ 2025ರಲ್ಲಿ ಆಟ ಬಿಟ್ರು.

ಮತ್ತೆ ವಾಂತಿ ಶುರುವಾದ್ರೆ, ತಲೆನೋವು ಏರ್ತಾ ಹೋದ್ರೆ, ಎಬ್ಬಿಸಿದ್ರೂ ಸರಿಯಾಗಿ ಏಳದಿದ್ರೆ, ಕೈಕಾಲು ಸೋತ್ರೆ, ಮಾತು ತೊದಲಿದ್ರೆ, ಫಿಟ್ಸ್ ಬಂದ್ರೆ, ಮೂಗು ಕಿವೀಲಿ ನೀರಿನ ಹಂಗೆ ಸೋರಿದ್ರೆ, ಒಂದು ನಿಮಿಷ ಕಾಯಬೇಡಿ. ನಮ್ಮ ಜಿಲ್ಲೇಲಿ ಇದು ಎಲ್ಲಾ ಕಡೆಗಿಂತ ಮುಖ್ಯ, ತಲೆ ಪೆಟ್ಟಿನ ದೊಡ್ಡ ಕೇಸು ಅಂದ್ರೆ ಘಟ್ಟದ ಮೇಲಿನವ್ರು ಹುಬ್ಬಳ್ಳಿಗೆ, ಕುಮಟಾ ಹೊನ್ನಾವರ ಭಟ್ಕಳದವ್ರು ಮಣಿಪಾಲಕ್ಕೆ, ನಾವು ಕಾರವಾರದವ್ರು ಗೋವಾ ಗಡಿ ದಾಟಿ ಬಾಂಬೋಳಿಗೆ ಓಡ್ಬೇಕು. ದೊಡ್ಡ ಆಸ್ಪತ್ರೆ ಬೇಕು ಅಂತ ಜನ ಎಷ್ಟು ವರ್ಷದಿಂದ ಕೂಗ್ತಿದ್ದಾರೆ. ಅದು ಬರೋತನಕ ಮೈದಾನದಲ್ಲೇ ಎಚ್ಚರ ಇರ್ಬೇಕು, ದಾರೀಲಿ ಕಳೆಯೋ ತಾಸನ್ನ ಯಾರೂ ವಾಪಸ್ ಕೊಡೋದಿಲ್ಲ.

ಬಲಗೈ ಬ್ಯಾಟ್ಸ್‌ಮನ್, ಹೊನ್ನಾವರ

ಸರಿ, ಒಪ್ಕೊಂಡೆ. ಸ್ಮಿತ್ ವಿಷಯ ಗೊತ್ತಿತ್ತು, ಹಿಂಗೆ ಯೋಚ್ನೆ ಮಾಡಿರ್ಲಿಲ್ಲ. ಬೇಗ ಕಳ್ಸಿ ಅಂದಿದ್ದು ವಾಪಸ್ ತಗೊಳ್ತೇನೆ ಮೇಡಂ.

ಅಂಕೋಲೆ ಎಕ್ಸ್‌ಪ್ರೆಸ್

ಇದನ್ನ ಎರಡು ದಿನದಿಂದ ಓದ್ತಾ ಇದ್ದೆ, ಬರೀಲೋ ಬೇಡ್ವೋ ಅಂತ. ನಾನು ಬಾಲ್ ಹಾಕಿದೋನ ಕಡೆಯವನು.

19 ವರ್ಷ ಇದ್ದಾಗ ಒಂದು ಟೂರ್ನಮೆಂಟಲ್ಲಿ ಹನ್ನೊಂದನೇ ನಂಬರಿನ ಹುಡುಗನಿಗೆ ಬೌನ್ಸರ್ ಹಾಕಿದ್ದೆ. ಬೇಕಾಗಿರ್ಲಿಲ್ಲ, ಅವನಿಗೆ ಬ್ಯಾಟ್ ಹಿಡಿಯೋಕೂ ಸರಿಯಾಗಿ ಬರ್ತಿರ್ಲಿಲ್ಲ, ಪೆವಿಲಿಯನ್ನಿಂದ ನಮ್ಮವ್ರೆಲ್ಲ "ಹೊಡಿ ತಲೆಗೆ" ಅಂತ ಕೂಗ್ತಿದ್ರು, ನನಗೂ ಮೈಮೇಲೆ ಬಂದಂಗಾಗಿತ್ತು. ಬಾಲ್ ಬಡಿದ ಶಬ್ದ ಹೆಂಚಿನ ಮೇಲೆ ತೆಂಗಿನಕಾಯಿ ಬಿದ್ದಂಗೆ. ಅವನು ಬಿದ್ದ, ಒಂದು ಕಾಲು ನಡುಗ್ತಾ ಇತ್ತು. ನಾನು ಫಾಲೋಥ್ರೂ ಮುಗಿಸಿ ನಿಂತಲ್ಲೇ ನಿಂತಿದ್ದೆ. ಅವನು ಹುಷಾರಾದ, ಈಗ ಹೊರಗಡೆ ಕೆಲಸದಲ್ಲಿದ್ದಾನೆ, ಸಿಕ್ಕಾಗ ಮಾತಾಡ್ತಾನೆ. ಆದ್ರೆ ಆ ಸೀಸನ್ ನಾನು ಮತ್ತೆ ಒಂದೇ ಒಂದು ಶಾರ್ಟ್ ಬಾಲ್ ಹಾಕೋಕಾಗ್ಲಿಲ್ಲ, ಕೈ ಬಿಡ್ತಾನೇ ಇರ್ಲಿಲ್ಲ.

2014ರ ನವೆಂಬರ್ 25ಕ್ಕೆ ಸಿಡ್ನೀಲಿ ಫಿಲ್ ಹ್ಯೂಸ್ 63ರಲ್ಲಿ ಆಡ್ತಾ ಇದ್ದಾಗ ಸೀನ್ ಅಬಾಟ್ ಬೌನ್ಸರ್ ಕಿವಿ ಕೆಳಗೆ ಕತ್ತಿಗೆ ಬಿತ್ತು, ಹೆಲ್ಮೆಟ್ ಹಾಕಿದ್ರೂ ಅಲ್ಲಿ ಕವರ್ ಇರ್ಲಿಲ್ಲ, ಮಿದುಳಿಗೆ ರಕ್ತ ಒಯ್ಯೋ ನಾಳ ಹರಿದು ಎರಡು ದಿನಕ್ಕೆ ತೀರ್ಕೊಂಡ್ರು. ಎಲ್ಲರೂ ಹ್ಯೂಸ್‌ಗೆ ಅತ್ತರು, ನಾನು ಅಬಾಟ್‌ಗೂ ಅತ್ತೆ. ಆವತ್ತಿಂದ ಹೆಲ್ಮೆಟ್ ಹಿಂದೆ ಸಿಗಿಸೋ ನೆಕ್ ಗಾರ್ಡ್ ಬಂತು, ಆಸ್ಟ್ರೇಲಿಯಾದಲ್ಲಿ 2023ರ ಅಕ್ಟೋಬರಿಂದ ಫಾಸ್ಟ್ ಬೌಲಿಂಗ್ ಎದುರಿಸೋರು ಅದನ್ನ ಹಾಕ್ಲೇಬೇಕು. ನಿಮ್ಮ ಮಗನಿಗೆ ಹೆಲ್ಮೆಟ್ ತಗೊಳ್ಳುವಾಗ ಅದನ್ನೂ ತಗೊಳ್ಳಿ.

ಇನ್ನೊಂದು ವಿಷಯ ಬೌಲಿಂಗ್ ಕಲಿಸೋರು ಹೇಳ್ಲೇಬೇಕು, ಹೇಳೋದಿಲ್ಲ. ಕ್ರಿಕೆಟ್ ನಿಯಮ ಬರೆಯೋ ಎಂಸಿಸಿ ಕ್ಲಬ್ಬಿನ ನಿಯಮ 41.6 ಪ್ರಕಾರ ಶಾರ್ಟ್ ಬಾಲ್ ಅಪಾಯ ಹೌದೋ ಅಲ್ವೋ ಅಂತ ಅಂಪೈರ್ ತೀರ್ಮಾನ ಮಾಡುವಾಗ ಬ್ಯಾಟ್ಸ್‌ಮನ್ನಿಗೆ ಎಷ್ಟು ಆಡೋಕೆ ಬರ್ತದೆ ಅಂತ ನೋಡ್ಬೇಕು, ಅವನು ಹೆಲ್ಮೆಟ್ ಹಾಕಿದ್ದಾನೆ ಅನ್ನೋದನ್ನ ಲೆಕ್ಕಕ್ಕೇ ತಗೋಬಾರ್ದು. ಅಂದ್ರೆ "ಹೆಲ್ಮೆಟ್ ಇತ್ತಲ್ಲ" ಅನ್ನೋ ಮಾತಿಗೆ ರೂಲ್ ಪುಸ್ತಕದಲ್ಲೇ ಜಾಗ ಇಲ್ಲ. ನನಗಿದು ಗೊತ್ತಾಗಿದ್ದು ಆಡೋದು ಬಿಟ್ಟ ಮೇಲೆ.

ನಿಮ್ಮ ಹುಡುಗ ಫಾಸ್ಟ್ ಬೌಲರ್ ಅಂದ್ರಲ್ಲ, ಅವನ ಬೆನ್ನನ್ನೂ ನೋಡ್ಕೊಳ್ಳಿ. ಮುಂದಿನ ಕಾಲು ಊರಿದಾಗ ಮೈತೂಕದ ಐದು ಪಟ್ಟಿಗೂ ಹೆಚ್ಚು ಭಾರ ಆ ಒಂದು ಕಾಲಿಗೆ ಬೀಳ್ತದೆ, ಅದೇ ಕ್ಷಣಕ್ಕೆ ಸೊಂಟ ತಿರುಚ್ತದೆ, 14-15ರಲ್ಲಿ ಮೂಳೆ ಇನ್ನೂ ಹಸಿ. ನಾನು ಚಿರೆಕಲ್ಲಿನ ನೆಲದ ಮೇಲೆ ಒಂದೇ ವಾರ ಮೂರು ಟೂರ್ನಮೆಂಟ್ ಆಡಿದ್ದೆ, ಸೊಂಟದ ಕೆಳಗೆ ಒಂದೇ ಕಡೆ ಚುಚ್ಚೋಕೆ ಶುರುವಾಯ್ತು, ಎಣ್ಣೆ ತಿಕ್ಕಿ ಆಡಿದೆ. ಸ್ಟ್ರೆಸ್ ಫ್ರಾಕ್ಚರ್, ಅಂದ್ರೆ ಮತ್ತೆ ಮತ್ತೆ ಭಾರ ಬಿದ್ದು ಮೂಳೇಲಿ ಬಿರುಕು. ನಮ್ಮ ಪ್ರಸಿದ್ಧ್ ಕೃಷ್ಣ, ಬುಮ್ರಾ ಎಲ್ಲಾ ಇದೇ ಬೆನ್ನಿಂದ ತಿಂಗಳುಗಟ್ಲೆ ಹೊರಗೆ ಕೂತಿದ್ರು, ಅವ್ರಿಗೆ ನೋಡ್ಕೊಳ್ಳೋರಿದ್ರು. ಇಂಗ್ಲೆಂಡಲ್ಲಿ ಈ ವಯಸ್ಸಿನ ಫಾಸ್ಟ್ ಬೌಲರ್‌ಗೆ ಒಂದು ಸ್ಪೆಲ್ಲಿಗೆ 6 ಓವರ್, ದಿನಕ್ಕೆ 12, ಅದರ ಮೇಲೆ ಕೊಡೋ ಹಂಗಿಲ್ಲ. ನೀವೂ ಒಂದು ಡೈರೀಲಿ ಅವನು ದಿನಾ ಎಷ್ಟು ಬಾಲ್ ಹಾಕ್ದ ಅಂತ ಬರ್ಸಿ, ಅಂಗಳದಲ್ಲಿ ಹಾಕಿದ್ದೂ ಸೇರ್ಸಿ. ಬಿಡಿಸ್ಬೇಡಿ ಅಕ್ಕಾ. ಒಂದೇ ಕಡೆ ಬೆನ್ನು ನೋವು ಅಂದ ದಿನ ಮಾತ್ರ ಬಾಲ್ ಕಸ್ಕೊಳ್ಳಿ.

ತೋಟದಮನೆ, ಶಿರಸಿ

ಎಲ್ಲರ ಉತ್ತರ ಇವ್ರಿಗೂ ಮಗನಿಗೂ ಓದಿ ಹೇಳಿದೆ. ಅಂಕೋಲೆಯವ್ರು ಬರ್ದಿದ್ದು ಓದುವಾಗ ಮಗ ಸುಮ್ಮನೆ ಕೂತಿದ್ದ, ಆಮೇಲೆ ಕೇಳ್ದ, "ಆಯಿ, ಅವ್ರಿಗೆ ಬಾಲ್ ಹಾಕಿದ ಮೇಲೆ ನಿದ್ದೆ ಬಂತಾ?" ಅಂತ. ನನಗೆ ಉತ್ತರ ಗೊತ್ತಿರ್ಲಿಲ್ಲ.

ನಿನ್ನೆ ಕೋಚ್ ಹತ್ರ ಹೋಗಿ ಮಾತಾಡಿದ್ವಿ. ಜಗಳ ಮಾಡ್ಲಿಲ್ಲ. ಅವ್ರೂ ಮುಖ ಸಣ್ಣ ಮಾಡ್ಕೊಂಡ್ರು, ಮರುದಿನ ಫೋನ್ ಮಾಡಿ ವಿಚಾರಿಸ್ಬೇಕಿತ್ತು ಅಂದ್ರು. ಸೈಡ್‌ಆರ್ಮ್ ಇನ್ಮೇಲೆ ಅವ್ರ ಕೈಯಲ್ಲೇ, ಅದೂ ಪೂರ್ತಿ 22 ಗಜದಿಂದ. ತಲೆಗೆ ಬಾಲ್ ತಾಗಿದ ಹುಡುಗನ ಆಟ ಅಲ್ಲಿಗೇ ನಿಲ್ಸಿ ಮನೆಗೆ ಫೋನ್ ಮಾಡೋದು ಅಂತಲೂ ಒಪ್ಪಿದ್ರು, ನಾನು ಅದನ್ನ ದೊಡ್ಡ ಅಕ್ಷರದಲ್ಲಿ ಬರ್ದು ಕಿಟ್ ರೂಮಿನ ಬಾಗ್ಲಿಗೆ ಅಂಟಿಸಿ ಬಂದಿದ್ದೇನೆ. ಆ ಹಳೇ ಹೆಲ್ಮೆಟ್ ತೋರ್ಸಿ ಅಂದೆ. ಕುಮಟಾದವ್ರು ಹೇಳಿದಂಗೆ ಬಾಲ್ ಹಿಡಿದು ಒತ್ತಿದೆ, ಪೂರ್ತಿ ಒಳಗೆ ಹೋಯ್ತು, ನನ್ನ ಬೆರಳು ಸಮೇತ.

ಮಗನಿಗೆ ತಲೆನೋವು ಕಮ್ಮಿ ಆಗಿದೆ, ಬೆಳಕು ತೊಂದ್ರೆ ಇಲ್ಲ. ಸೋಮವಾರದಿಂದ ಅರ್ಧ ದಿನ ಶಾಲೆ. ಇವ್ರು ಇನ್ನೂ ಪೂರ್ತಿ ಒಪ್ಪಿಲ್ಲ, ಡಾಕ್ಟರ್ ಹೇಳಿದ ಮೇಲೆ ನೋಡುವಾ ಅಂದಿದ್ದಾರೆ. ಹೊಲಿಗೆ ಟೇಪಲ್ಲಿ ಹುಬ್ಬಿನ ಮೇಲಿಂದ ಸುತ್ತ ಅಳತೆ ತಗೊಂಡೆ, 55 ಸೆಂಟಿಮೀಟರ್ ಬಂತು. ಇದಕ್ಕೆ ಯಾವ ಸೈಜ್ ತಗೋಬೇಕು? ಬೆಳೆಯೋ ಹುಡುಗ ಅಂತ ಒಂದು ಸೈಜ್ ದೊಡ್ಡದು ತಗೊಳ್ಳಲಾ?

ಕುಮಟಾ ಕೀಪರ್

ದೊಡ್ಡದು ಬೇಡವೇ ಬೇಡ, ಯೂನಿಫಾರ್ಮ್ ಅಲ್ಲ ಅದು. ಕಂಪನಿಯಿಂದ ಕಂಪನಿಗೆ ಸೈಜ್ ಬೇರೆ, ಬಾಕ್ಸ್ ಮೇಲೆ ಸೆಂಟಿಮೀಟರ್ ಬರ್ದಿರ್ತದೆ, 55 ಅದ್ರೊಳಗೆ ಬರ್ಬೇಕು. ಅಂಗಡಿಗೆ ಅವನನ್ನೇ ಕರ್ಕೊಂಡು ಹೋಗಿ, ಹಾಕಿ ಬೆಲ್ಟ್ ಕಟ್ಟಿ ತಲೆ ಜೋರಾಗಿ ಅಲ್ಲಾಡಿಸೋದು ಈಗ ಬೇಡ ಪಾಪ, ನೀವೇ ಕೈಯಲ್ಲಿ ಮೆಲ್ಲಗೆ ಆಚೀಚೆ ತಿರುಗ್ಸಿ ನೋಡಿ. ಹೆಲ್ಮೆಟ್ ಜೊತೆಗೆ ಹಣೆ ಚರ್ಮವೂ ಸರಿದ್ರೆ ಸೈಜ್ ಸರಿ ಇದೆ, ಹೆಲ್ಮೆಟ್ ಮಾತ್ರ ತಿರುಗಿದ್ರೆ ಇನ್ನೊಂದು ಕೇಳಿ.